ಮೇವು ಕೆಟ್ಟು ಕೋಳಿ ಸತ್ತ ಮೇಲೆ

ಹಿತ್ತಲಿನ ಕೋಳಿಗಳು ಒಂದರ ಹಿಂದೆ ಒಂದು ಸತ್ತು, ಕಾರಣ ಮೇವಿನ ಮೂಟೆಯಲ್ಲೇ ಇತ್ತು ಎಂದು ಗೊತ್ತಾದ ಮನೆಯಲ್ಲಿ ಮೊದಲು ಹೊಳೆಯುವುದು ಹೊಸ ಮರಿ ತರುವ ಯೋಚನೆ. ಗೂಡು ಬರಿದಾಗಿ ಕಾಣುತ್ತದೆ, ಮಕ್ಕಳು ದಿನಾ ಕೇಳುತ್ತಾರೆ, ವಾರದ ಸಂತೆ ದೂರವೇನಿಲ್ಲ. ಆದರೆ ಮರಿ ತರುವುದು ಈ ಕೆಲಸದ ಕೊನೆಯ ಹಂತ. ಅದಕ್ಕೂ ಮೊದಲು ಮೂಟೆ, ಡಬ್ಬ, ಗೂಡು, ಬದುಕುಳಿದ ಕೋಳಿ ಇವೆಲ್ಲವನ್ನೂ ಸರಿಮಾಡಿಕೊಳ್ಳದಿದ್ದರೆ ಹೊಸ ಮರಿಗಳೂ ಹಳೆಯವು ಹೋದ ದಾರಿಯಲ್ಲೇ ಹೋಗುತ್ತವೆ.

ಸತ್ತದ್ದು ಮೇವಿನಿಂದಲೇ ಹೌದೇ ಎಂಬುದು ಮೊದಲು ಖಚಿತವಾಗಬೇಕು. ಬೂಷ್ಟು ಹಿಡಿದ ಮೇವಿನ ವಿಷ ಸಾಮಾನ್ಯವಾಗಿ ನಿಧಾನವಾಗಿ ಕೆಲಸ ಮಾಡುತ್ತದೆ. ಮೊಟ್ಟೆ ಕಡಿಮೆಯಾಗುತ್ತದೆ, ಜುಟ್ಟು ಬಿಳಿಚಿಕೊಳ್ಳುತ್ತದೆ, ಕೋಳಿ ಗರಿ ಕೆದರಿ ಮೂಲೆಯಲ್ಲಿ ನಿಲ್ಲುತ್ತದೆ. ಮರಿಗಳು ಮೊದಲು ಸಾಯುತ್ತವೆ, ದೊಡ್ಡವು ವಾರಗಟ್ಟಲೆ ಸೊರಗುತ್ತವೆ. ಬಿತ್ತನೆಗೆಂದು ಔಷಧ ಸವರಿದ ಕೆಂಪು ಬಣ್ಣದ ಮೆಕ್ಕೆಜೋಳವನ್ನೋ ಹೊಲಕ್ಕೆ ಹಾಕುವ ಕೀಟನಾಶಕದ ಹರಳನ್ನೋ ತಿಂದಿದ್ದರೆ ಕಥೆ ಬೇರೆ. ಕತ್ತಿನ ಬುಡದ ಮೇವಿನ ಚೀಲ ತುಂಬಿರುವಾಗಲೇ, ಬಾಯಲ್ಲಿ ಜೊಲ್ಲು ಸುರಿಸುತ್ತಾ, ಕೆಲವೇ ಗಂಟೆಗಳಲ್ಲಿ ಹಲವು ಕೋಳಿಗಳು ಒಟ್ಟಿಗೆ ಬೀಳುತ್ತವೆ. ಕೊಕ್ಕರೆ ರೋಗವಾದರೆ ಹಸಿರು ಮಿಶ್ರಿತ ಬಿಳಿ ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು ಕಾಣುತ್ತದೆ. ಅದು ಮನೆಯಿಂದ ಮನೆಗೆ ಹರಡುತ್ತದೆ. ನೆರೆಮನೆಯವರು ಬೇರೆ ಮೇವು ಹಾಕುತ್ತಿದ್ದೂ ಅವರ ಕೋಳಿಗಳು ಸಾಯುತ್ತಿವೆ ಎಂದಾದರೆ ಮೂಟೆಯನ್ನು ದೂರುವ ಮೊದಲು ರೋಗವನ್ನೇ ಅನುಮಾನಿಸಬೇಕು. ಜುಟ್ಟು ನೀಲಿಗಟ್ಟಿ ಮುಖ ಊದಿ ಒಮ್ಮೆಲೇ ಸತ್ತಿದ್ದರೆ, ಸುತ್ತಮುತ್ತ ಕಾಗೆಗಳೂ ಸತ್ತು ಬಿದ್ದಿದ್ದರೆ ಯಾವುದನ್ನೂ ಬರಿಗೈಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಅದು ಹಕ್ಕಿಜ್ವರ ಇರಬಹುದು.

ಕಷ್ಟವೇನೆಂದರೆ ಮೇವಿನ ವಿಷವೂ ರೋಗವೂ ಒಟ್ಟಿಗೆ ಬರುವುದು. ಬೂಷ್ಟಿನ ವಿಷ ಕೋಳಿಯ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಹೀಗಾಗಿ ಲಸಿಕೆ ಹಾಕಿಸಿದ್ದರೂ ಕೊಕ್ಕರೆ ರೋಗ ಬರುತ್ತದೆ. ಮನೆಯವರು ಲಸಿಕೆಯನ್ನು ಬೈಯುತ್ತಾರೆ, ಕೆಟ್ಟ ಮೂಟೆ ಅಲ್ಲೇ ಉಳಿಯುತ್ತದೆ. ಆದ್ದರಿಂದ ಊಹೆಗೆ ಬಿಡದೆ ಈಗಷ್ಟೇ ಸತ್ತ ಒಂದು ಕೋಳಿಯನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮಂಜುಗಡ್ಡೆಯ ಜೊತೆ ಇಟ್ಟು ಪಶುವೈದ್ಯರಲ್ಲಿಗೆ ಒಯ್ಯಿರಿ. ಫ್ರೀಜರಿನಲ್ಲಿಟ್ಟು ಕಲ್ಲಾಗಿಸಬೇಡಿ, ಒಳಗಿನ ಅಂಗಗಳ ಗುರುತು ಕೆಡುತ್ತದೆ. ಕೊಯ್ದು ನೋಡಿದಾಗ ಲಿವರ್ ಹಳದಿಗಟ್ಟಿ, ಊದಿ, ಮೇಲೆ ರಕ್ತದ ಚುಕ್ಕೆಗಳಿದ್ದರೆ ವೈದ್ಯರು ಮೇವಿನ ಕಡೆ ತಿರುಗುತ್ತಾರೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು 1962 ಸಂಖ್ಯೆಗೆ ಕರೆ ಮಾಡಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇಂಥ ರೋಗಪತ್ತೆಯ ಕೆಲಸವನ್ನು ಬಹುಕಾಲದಿಂದ ಮಾಡುತ್ತಿದೆ.

ಮೇವಿನ ಮಾದರಿಯನ್ನೂ ಎತ್ತಿಡಬೇಕು. ಇಲ್ಲೊಂದು ಸೂಕ್ಷ್ಮವಿದೆ. ಮೂಟೆಯೊಳಗೆ ವಿಷ ಸಮನಾಗಿ ಹರಡಿರುವುದಿಲ್ಲ. ಒಂದು ಹಿಡಿಯಲ್ಲಿ ಏನೂ ಇಲ್ಲದೆ, ಪಕ್ಕದ ಹಿಡಿಯಲ್ಲಿ ಕೋಳಿ ಸಾಯುವಷ್ಟು ಇರಬಹುದು. ಮೇಲಿಂದ, ನಡುವಿಂದ, ತಳದಿಂದ, ಅಂಚಿನಿಂದ ಹೀಗೆ ಹಲವು ಕಡೆಯಿಂದ ತೆಗೆದು ಬೆರೆಸಿ, ಸುಮಾರು ಒಂದು ಕಿಲೋ ಮೇವನ್ನು ಕಾಗದದ ಇಲ್ಲವೇ ಬಟ್ಟೆಯ ಚೀಲದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ಬೆವರಿ ಇನ್ನಷ್ಟು ಬೂಷ್ಟು ಬರುತ್ತದೆ. ಖರೀದಿಸಿದ ಮೇವಾದರೆ ಮೂಟೆಯ ಚೀಟಿ, ತಯಾರಾದ ದಿನಾಂಕ, ಬ್ಯಾಚ್ ಸಂಖ್ಯೆ, ಬಿಲ್ಲು ಎಲ್ಲವೂ ಇರಲಿ. ಇವು ಇಲ್ಲದೆ ಮಾರಿದವರ ಮುಂದೆ ನಿಂತು ಮಾತಾಡಲು ಆಗುವುದಿಲ್ಲ.

ಈ ವಿಷ ಯಾವುದು, ಹೇಗೆ ಬರುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳಬೇಕು. ಉಳಿದ ಎಲ್ಲ ಎಚ್ಚರಿಕೆಯೂ ಅದರ ಮೇಲೇ ನಿಂತಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಅದಕ್ಕೆ ಕಾರಣವೆಂದು ಆಮೇಲೆ ಪತ್ತೆಯಾಯಿತು. ಆ ಶಿಲೀಂಧ್ರದ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದದ್ದು ಹೀಗೆ. ನಮ್ಮ ದೇಶದಲ್ಲಿ ಇದು ಕೋಳಿಗಷ್ಟೇ ನಿಲ್ಲಲಿಲ್ಲ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಮಳೆಗೆ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನೇ ಉಂಡ ಬಡ ಕುಟುಂಬಗಳಲ್ಲಿ 106 ಜನ ಲಿವರ್ ಕೆಟ್ಟು ಸತ್ತರು. ಆ ಊರುಗಳ ನಾಯಿಗಳೂ ಅದೇ ಕಾಯಿಲೆ ಬಿದ್ದವು. ಕಪ್ಪಾದ ಕಾಳನ್ನು ಕೋಳಿಗೆ ಎರಚುವಾಗ ಈ ಸಂಗತಿ ನೆನಪಿರಬೇಕು.

ಕಾಳಿನಲ್ಲಿ ತೇವಾಂಶ ಶೇ. 12ರ ಆಸುಪಾಸಿನಲ್ಲಿದ್ದರೆ ಈ ಶಿಲೀಂಧ್ರಕ್ಕೆ ಬೆಳೆಯಲಾಗುವುದಿಲ್ಲ. ಶೇ. 14 ದಾಟಿ ಸೆಕೆಯೂ ಸೇರಿದರೆ ಬೇಗ ಹಬ್ಬುತ್ತದೆ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಕಟಾವಿಗೆ ಬರುವ ಹೊತ್ತಿಗೆ ಹಿಂಗಾರು ಮಳೆ ಹೊಯ್ದರೆ ರಸ್ತೆಯ ಬದಿಯಲ್ಲಿ ಹರವಿದ ಕಾಳು ಅರೆಬರೆ ಒಣಗಿಯೇ ಚೀಲ ಸೇರುತ್ತದೆ. ಅದೇ ಕಾಳು ಮಲೆನಾಡಿಗೋ ಕರಾವಳಿಗೋ ಹೋಗಿ ಆಷಾಢದ ಗಾಳಿಯಲ್ಲಿ ಕೂತರೆ ಮುಂದಿನದ್ದು ಹೇಳಬೇಕಾಗಿಲ್ಲ. ಒಡೆದ ಕಾಳಿಗೆ, ನುಚ್ಚಿಗೆ, ಹಿಂಡಿಗೆ ಬೂಷ್ಟು ಇಡೀ ಕಾಳಿಗಿಂತ ಬೇಗ ಹಿಡಿಯುತ್ತದೆ. ತೌಡು ಬೂಷ್ಟು ಹಿಡಿಯದಿದ್ದರೂ ಅದರ ಎಣ್ಣೆಯಂಶ ಕೆಲವೇ ವಾರಗಳಲ್ಲಿ ಕಮಟುತ್ತದೆ.

ಬಹಳ ಜನ ನಂಬಿರುವ ಒಂದು ಮಾತನ್ನು ಇಲ್ಲಿ ಗಟ್ಟಿಯಾಗಿ ಅಲ್ಲಗಳೆಯಬೇಕು. ಬಿಸಿಲಿಗೆ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಸರಿಹೋಗುವುದಿಲ್ಲ. ಬಿಸಿಲು ತೇವವನ್ನು ತೆಗೆಯುತ್ತದೆ, ಶಿಲೀಂಧ್ರ ಬೆಳೆಯುವುದೂ ನಿಲ್ಲಬಹುದು, ಆದರೆ ಅದು ಈಗಾಗಲೇ ಬಿಟ್ಟಿರುವ ವಿಷ ಕಾಳಿನಲ್ಲೇ ಇರುತ್ತದೆ. ಮನೆಯ ಒಲೆಯಲ್ಲಿ ಬೇಯಿಸಿದರೂ ಹೋಗುವುದಿಲ್ಲ. ಮೇಲಿನ ಹಸಿರು ಪುಡಿಯನ್ನು ಕೇರಿ ತೆಗೆದರೆ ಕಾಳು ಚೊಕ್ಕವಾಗಿ ಕಾಣುತ್ತದೆ ಅಷ್ಟೆ. ಕೋಳಿ ಮೇವಿನಲ್ಲಿ ಅಫ್ಲಾಟಾಕ್ಸಿನ್ ಬಿ1 ಶತಕೋಟಿಯಲ್ಲಿ 20 ಪಾಲು ಮೀರಬಾರದು ಎಂಬುದು ಭಾರತೀಯ ಮಾನಕ. ಅಷ್ಟು ಸಣ್ಣ ಪ್ರಮಾಣ ಕಣ್ಣಿಗೂ ಮೂಗಿಗೂ ಸಿಕ್ಕುವುದಿಲ್ಲ.

ಹಾಗಾದರೆ ಉಳಿದ ಮೇವನ್ನು ಏನು ಮಾಡುವುದು? ದನಕ್ಕೆ ಹಾಕಲೇಬೇಡಿ. ಹಸು ತಿಂದ ಈ ವಿಷ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ, ಆ ಹಾಲನ್ನು ಮಕ್ಕಳು ಕುಡಿಯುತ್ತಾರೆ. ತಿಪ್ಪೆಗೂ ಸುರಿಯಬೇಡಿ. ಕೋಳಿ ಕೆದಕಲು ಹೋಗುವ ಮೊದಲ ಜಾಗವೇ ತಿಪ್ಪೆ. ಮೊಣಕಾಲುದ್ದಕ್ಕೂ ಹೆಚ್ಚು ಆಳದ ಗುಂಡಿ ತೆಗೆದು, ಸುಣ್ಣ ಚೆಲ್ಲಿ, ನಾಯಿ ಕೆದಕದಂತೆ ಮೇಲೆ ಕಲ್ಲು ಹೇರಿ ಮುಚ್ಚುವುದೇ ಕ್ಷೇಮ. ಸತ್ತ ಕೋಳಿಗಳಿಗೂ ಇದೇ ವ್ಯವಸ್ಥೆ ಬೇಕು. ಬೇಲಿಯಾಚೆ ಎಸೆದ ಹೆಣದಲ್ಲಿ ಹುಟ್ಟುವ ಹುಳುಗಳನ್ನು ಉಳಿದ ಕೋಳಿಗಳು ಹೆಕ್ಕಿ ತಿಂದರೆ ಬೊಟುಲಿಸಂ ಎಂಬ ಬೇರೆಯೇ ವಿಷ ಏರಿ, ಕತ್ತು ಜೋತುಬಿದ್ದು ಸಾಯುತ್ತವೆ. ಸಾಯುವ ಹಂತಕ್ಕೆ ಬಂದ ಕೋಳಿಯನ್ನು ಕೊಯ್ದು ಸಾರು ಮಾಡುವ ಅಭ್ಯಾಸ ಕೆಲವೆಡೆ ಇದೆ. ಕಾರಣ ವಿಷವೆಂಬ ಅನುಮಾನವಿದ್ದಾಗ ಆ ಮಾಂಸ ಮನುಷ್ಯರಿಗೂ ಬೇಡ, ನಾಯಿಗೂ ಬೇಡ.

ಬದುಕುಳಿದ ಕೋಳಿಗಳ ಬಗ್ಗೆ ಆಶೆ ಬಿಡಬೇಕಾಗಿಲ್ಲ. ಅಫ್ಲಾಟಾಕ್ಸಿನ್‌ಗೆ ನೇರವಾದ ಮದ್ದಿಲ್ಲ ನಿಜ. ಆದರೆ ಲಿವರ್ ತನ್ನನ್ನು ತಾನೇ ಸರಿಪಡಿಸಿಕೊಳ್ಳಬಲ್ಲ ಅಂಗ. ಕೆಟ್ಟ ಮೇವನ್ನು ಆ ಗಳಿಗೆಯಿಂದಲೇ ನಿಲ್ಲಿಸಿ, ಒಳ್ಳೆಯ ಪ್ರೊಟೀನ್ ಇರುವ ಹೊಸ ಮೇವು, ಶುದ್ಧ ನೀರು, ನೆರಳು ಕೊಟ್ಟರೆ ಹಲವು ಕೋಳಿಗಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ವೈದ್ಯರು ಲಿವರ್ ಟಾನಿಕ್, ವಿಟಮಿನ್ನುಗಳು, ಹೊಟ್ಟೆಯಲ್ಲಿ ವಿಷವನ್ನು ಹಿಡಿದಿಟ್ಟು ಹೊರಹಾಕುವ ಬೆಂಟೊನೈಟ್‌ನಂಥ ಜೇಡಿಮಣ್ಣಿನ ಪುಡಿ ಕೊಡಬಹುದು. ಟಾನಿಕ್ ಕೊಡುತ್ತಾ ಅದೇ ಮೂಟೆಯಿಂದ ಮೇವು ಹಾಕುವುದರಲ್ಲಿ ಮಾತ್ರ ಯಾವ ಅರ್ಥವೂ ಇಲ್ಲ. ಈ ಹೊತ್ತಿನಲ್ಲಿ ಜಂತುನಾಶಕ, ಆ್ಯಂಟಿಬಯಾಟಿಕ್ ಎಂದು ಕೈಗೆ ಸಿಕ್ಕಿದ್ದನ್ನು ಕುಡಿಸಬೇಡಿ. ಆ ಔಷಧಗಳನ್ನೂ ಅರಗಿಸಬೇಕಾದದ್ದು ಅದೇ ಸೋತ ಲಿವರ್. ಮೊಟ್ಟೆಗಳನ್ನು ಕನಿಷ್ಠ ಎರಡು ವಾರ ತಿನ್ನದೆ ಹೂಳುವುದು ಒಳ್ಳೆಯದು. ಕೀಟನಾಶಕದ ಅನುಮಾನವಿದ್ದರೆ ಎಷ್ಟು ದಿನವೆಂದು ವೈದ್ಯರನ್ನೇ ಕೇಳಿ. ಕಾವಿಗೆ ಇಡಲು ಇನ್ನೂ ತಡೆಯಬೇಕು. ವಿಷದಿಂದ ಬಳಲಿದ ಹೇಟೆಯ ಮೊಟ್ಟೆಯಲ್ಲಿ ಮರಿ ಒಡೆಯುವುದು ಕಡಿಮೆ, ಹುಂಜದ ಫಲವಂತಿಕೆಯೂ ಕುಗ್ಗಿರುತ್ತದೆ. ಜುಟ್ಟಿಗೆ ಕೆಂಪು ಮರಳಿ, ಮೊಟ್ಟೆಯ ಚಿಪ್ಪು ಗಟ್ಟಿಯಾಗುವವರೆಗೆ ಕಾಯಿರಿ.

ಗೂಡಿನ ಕೆಲಸ ಹೇಳುವುದಕ್ಕೆ ಚಿಕ್ಕದು, ಮಾಡುವುದಕ್ಕೆ ದೊಡ್ಡದು. ಹಳೆಯ ಹೊಟ್ಟು, ಹಿಕ್ಕೆ, ಮೂಲೆಗೆ ಅಂಟಿದ ಮೇವು ಎಲ್ಲವನ್ನೂ ಕೆರೆದು ತೆಗೆಯಬೇಕು. ಬೂಷ್ಟು ಹಿಡಿದ ಹೊಟ್ಟಿನ ಧೂಳನ್ನು ಉಸಿರಾಡಿದರೆ ಎಳೆಮರಿಗಳ ಶ್ವಾಸಕೋಶಕ್ಕೇ ಶಿಲೀಂಧ್ರ ಹತ್ತುತ್ತದೆ. ಕೆರೆಯುವವರೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಸೋಪಿನ ನೀರಿನಲ್ಲಿ ಉಜ್ಜಿ, ಒಣಗಿಸಿ, ಆಮೇಲೆ ಬ್ಲೀಚಿಂಗ್ ಪುಡಿಯ ನೀರು ಹೊಡೆದು, ಮತ್ತೆ ಒಣಗಿದ ಮೇಲೆ ಸುಣ್ಣ ಬಳಿಯಿರಿ. ಕೊಳೆಯ ಮೇಲೆ ಸುರಿದ ಯಾವ ಔಷಧಿಯೂ ಕೆಲಸ ಮಾಡದು. ಮೇವಿನ ಡ್ರಮ್ಮಿನ ತಳ, ಮುಚ್ಚಳದ ಅಂಚು, ಅಳತೆಯ ಡಬ್ಬ ಇವು ಮರೆತುಹೋಗುವ ಜಾಗಗಳು. ಹೊಸ ಮೂಟೆಗೆ ಬೂಷ್ಟಿನ ಬೀಜ ಹತ್ತುವುದು ಅಲ್ಲಿಂದಲೇ. ಆಮೇಲೆ ಎರಡು ಮೂರು ವಾರ ಗೂಡು ಖಾಲಿ ಇರಲಿ.

ಆ ಖಾಲಿ ವಾರಗಳಲ್ಲಿ ಮಾಡಬೇಕಾದ ಲೆಕ್ಕವೊಂದಿದೆ. ಹಿತ್ತಲಿನಲ್ಲಿ ಮೇವು ಕೆಡುವುದಕ್ಕೆ ಕಾರಣ ಹೆಚ್ಚಿನ ಸಲ ಅಂಗಡಿಯೂ ಅಲ್ಲ, ಮಳೆಯೂ ಅಲ್ಲ. ಕೋಳಿಯ ಸಂಖ್ಯೆಗೂ ಮೂಟೆಯ ಗಾತ್ರಕ್ಕೂ ಇರುವ ತಾಳಮೇಳ ತಪ್ಪಿದ್ದೇ ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗೂಡಿನಲ್ಲೇ ಇರುವ ಮೊಟ್ಟೆಕೋಳಿ ದಿನಕ್ಕೆ 110ರಿಂದ 120 ಗ್ರಾಂ ತಿನ್ನುತ್ತದೆ. ಹಿತ್ತಲಲ್ಲಿ ಹುಳು, ಹುಲ್ಲು, ಚೆಲ್ಲಿದ ಕಾಳು ಹೆಕ್ಕುವ ಕೋಳಿಗೆ ಮೇಲಿಂದ 50 ಗ್ರಾಂ ಕೊಟ್ಟರೂ ನಡೆಯುತ್ತದೆ. ಅಂಥ ಹತ್ತು ಕೋಳಿಗಳಿಗೆ ದಿನಕ್ಕೆ ಅರ್ಧ ಕಿಲೋ. ಕಿಲೋಗೆ ನಾಲ್ಕು ಕಾಸು ಉಳಿಯುತ್ತದೆಂದು 50 ಕಿಲೋದ ಮೂಟೆ ತಂದರೆ ಅದು ಮುಗಿಯಲು 100 ದಿನ ಬೇಕು. ಜೂನ್ ಮೊದಲಲ್ಲಿ ತಂದದ್ದು ಗಣೇಶನ ಹಬ್ಬದ ಹೊತ್ತಿಗೆ ತಳ ಕಾಣುತ್ತದೆ. ಅಷ್ಟು ದಿನದ ಮಳೆಗಾಲದಲ್ಲಿ ಬಾಯಿ ಬಿಚ್ಚಿದ ಮೂಟೆ ಕೆಡದೆ ಇರುವುದೇ ಅಪರೂಪ. ಸಾವಿರಾರು ಕೋಳಿ ಸಾಕುವ ಫಾರಂಗೆ ಈ ತೊಂದರೆಯಿಲ್ಲ, ಅಲ್ಲಿ ಮೂಟೆ ಬಂದ ವೇಗದಲ್ಲೇ ಖಾಲಿಯಾಗುತ್ತದೆ.

ಆದ್ದರಿಂದ ಮೇವನ್ನು ಕಿಲೋ ಲೆಕ್ಕದಲ್ಲಿ ಕೊಳ್ಳದೆ ದಿನದ ಲೆಕ್ಕದಲ್ಲಿ ಕೊಳ್ಳಿ. ಮಳೆಗಾಲದಲ್ಲಿ ಎರಡು ವಾರಕ್ಕೆ ಆಗುವಷ್ಟು, ಬೇಸಿಗೆಯಲ್ಲಿ ಒಂದು ತಿಂಗಳಿಗೆ ಆಗುವಷ್ಟು ಸಾಕು. ಮೂಟೆಯೇ ಬೇಕೆಂದರೆ ಮೂರು ನಾಲ್ಕು ಮನೆಯವರು ಸೇರಿ ತಂದು ಅಂದೇ ಹಂಚಿಕೊಳ್ಳಿ. ಇಡೀ ಕಾಳು ತಂದಿಟ್ಟು ವಾರಕ್ಕೊಮ್ಮೆ ಒಡೆಸಿಕೊಳ್ಳುವುದು ಇನ್ನೂ ಒಳ್ಳೆಯದು. ಕಾಳು ಒಣಗಿದೆಯೇ ಎಂದು ನೋಡಲು ಸುಲಭದ ಪರೀಕ್ಷೆ ಇದೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಒಂದೆರಡು ಹಿಡಿ ಕಾಳು, ಒಂದು ಚಮಚ ಬಿಸಿಲಿಗಿಟ್ಟ ಪುಡಿಯುಪ್ಪು ಹಾಕಿ, ಮುಚ್ಚಿ, ಒಂದೆರಡು ನಿಮಿಷ ಅಲ್ಲಾಡಿಸಿ ಹದಿನೈದು ನಿಮಿಷ ಇಡಿ. ಉಪ್ಪು ಗಾಜಿನ ಒಳಮೈಗೆ ಅಂಟಿಕೊಂಡರೆ ತೇವಾಂಶ ಶೇ. 15ಕ್ಕಿಂತ ಹೆಚ್ಚಿದೆ, ಆ ಕಾಳು ಬೇಡ. ಅಂಟದೆ ತಳಕ್ಕೆ ಉದುರಿದರೆ ಅದಕ್ಕಿಂತ ಕಡಿಮೆ ಇದೆ. ಆಗಲೂ ಎರಡು ಬಿಸಿಲು ಒಣಗಿಸಿ, ಆರಿದ ಮೇಲೆ ತುಂಬಿ. ಬಿಸಿ ಕಾಳನ್ನು ಡ್ರಮ್ಮಿಗೆ ಸುರಿದು ಮುಚ್ಚಿದರೆ ಒಳಗೇ ಬೆವರುತ್ತದೆ. ಡ್ರಮ್ಮು ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇರಲಿ. ಹಳೆಯ ಮೇವು ಪೂರ್ತಿ ಮುಗಿದು ಡ್ರಮ್ಮು ಒರೆಸುವ ತನಕ ಹೊಸದನ್ನು ಮೇಲೆ ಸುರಿಯಬೇಡಿ. ಹಿಂದೆ ಒಲೆಯ ಮೇಲಿನ ಅಟ್ಟದಲ್ಲಿ ಕಾಳು ಇಡುತ್ತಿದ್ದದ್ದು ಹೊಗೆ ಮತ್ತು ಶಾಖ ತೇವವನ್ನು ದೂರ ಇಡುತ್ತವೆಂಬ ಕಾರಣಕ್ಕೆ. ಅಂಥ ಅಟ್ಟ ಉಳಿದಿರುವ ಮನೆಗಳು ಅದನ್ನು ಮತ್ತೆ ಬಳಸಲಿ.

ಮನೆಯಲ್ಲೇ ಮೇವು ಬೆರೆಸುವವರಿಗೆ ರಾಗಿಯನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಹಳೇ ಮೈಸೂರಿನ ಹಗೇವುಗಳಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದ ಕಾಳು ಅದು. ಪ್ರೊಟೀನ್ ಕಡಿಮೆಯಾದ್ದರಿಂದ ಮೆಕ್ಕೆಜೋಳದ ಒಂದು ಪಾಲಿಗೆ ಮಾತ್ರ ಬದಲಿಯಾಗಬಲ್ಲದು. ಬೆಳೆಯುವ ಕೋಳಿಗೆ 10 ಕಿಲೋ ಮೇವು ಬೇಕೆಂದರೆ ಮೆಕ್ಕೆಜೋಳದ ನುಚ್ಚು 4.6 ಕಿಲೋ, ರಾಗಿ 1.5, ಹೊಸ ತೌಡು 1.5, ಸೋಯಾ ಹಿಂಡಿ 2.1, ಕೋಳಿಗೆಂದೇ ಮಾಡಿದ ಖನಿಜ ಮಿಶ್ರಣ 270 ಗ್ರಾಂ, ಉಪ್ಪು 30 ಗ್ರಾಂ ಸೇರಿಸಿದರೆ ಪ್ರೊಟೀನ್ ಶೇ. 16ರ ಹತ್ತಿರ ಬರುತ್ತದೆ. ಹಸಿ ಸೋಯಾ ಕಾಳು ಪುಡಿಮಾಡಿ ಹಾಕಬಾರದು, ಅದರಲ್ಲಿ ಜೀರ್ಣಕ್ಕೆ ಅಡ್ಡಿಯಾಗುವ ಅಂಶವಿದೆ. ಕಡಲೆಕಾಯಿ ಹಿಂಡಿಯನ್ನು ಮಳೆಗಾಲದಲ್ಲಿ ಬಿಟ್ಟೇಬಿಡಿ. ಒಣಮೀನಿನ ಚೂರು ಸೇರಿಸುವುದಾದರೆ ಉಪ್ಪು ಹಾಕದ ಮೀನೇ ಆಗಬೇಕು, ಉಪ್ಪು ಹೆಚ್ಚಾದರೂ ಕೋಳಿ ಸಾಯುತ್ತದೆ.

ಇಷ್ಟಾದ ಮೇಲೆ ಮರಿಯ ಮಾತು. ಸಂತೆಯಲ್ಲಿ ಬೇರೆ ಬೇರೆ ಊರಿನ ಕೋಳಿಗಳು ಒಂದೇ ಪಂಜರದಲ್ಲಿರುತ್ತವೆ, ಅಲ್ಲಿಂದ ತರುವುದು ರೋಗವನ್ನೂ ತರುವ ದಾರಿ. ತರಲೇಬೇಕಾದರೆ ಹಳೆಯ ಕೋಳಿಗಳಿಂದ ದೂರದಲ್ಲಿ ಮೂರು ವಾರವಾದರೂ ಬೇರೆ ಇಟ್ಟು, ಅವುಗಳ ಕೆಲಸವನ್ನು ಕೊನೆಗೆ ಮಾಡಿ. ಬೆಂಗಳೂರಿನ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಮತ್ತು ಸ್ವರ್ಣಧಾರ, ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಕಾವೇರಿ, ಹೈದರಾಬಾದಿನ ವನರಾಜ ಮತ್ತು ಗ್ರಾಮಪ್ರಿಯ ಇವೆಲ್ಲ ಹಿತ್ತಲಿಗೆಂದೇ ಬೆಳೆಸಿದ ತಳಿಗಳು. ಗಿರಿರಾಜ ಮೈತುಂಬಿ ಬೆಳೆಯುತ್ತದೆ, ಸ್ವರ್ಣಧಾರ ಹಗುರ ಮೈಯದು, ಮೊಟ್ಟೆ ಹೆಚ್ಚು. ಆದರೆ ಗಿರಿರಾಜ ಕಾವು ಕೂರುವುದಿಲ್ಲ, ಪ್ರತಿ ಸಲವೂ ಮರಿ ಕೊಂಡು ತರಬೇಕು. ಪಡೆ ತಾನಾಗಿ ಬೆಳೆಯಬೇಕು ಎನ್ನುವವರಿಗೆ ನಾಟಿ ಹೇಟೆಯೇ ಆಧಾರ. ಚೇತರಿಸಿಕೊಂಡ ಒಂದು ನಾಟಿ ಹೇಟೆ ಕಾವಿಗೆ ಕೂತರೆ, ವಾರಕ್ಕಿಂತ ಹಳೆಯದಲ್ಲದ ಹತ್ತು ಹನ್ನೆರಡು ಮೊಟ್ಟೆ ಇಟ್ಟು 21 ದಿನಕ್ಕೆ ಮರಿ ಪಡೆಯಬಹುದು. ನಂಬಿಕಸ್ಥ ನೆರೆಯವರ ಆರೋಗ್ಯವಂತ ಕೋಳಿಯ ಮೊಟ್ಟೆಯಾದರೂ ಆದೀತು. ಏಳನೆಯ ದಿನ ಕತ್ತಲಲ್ಲಿ ಟಾರ್ಚಿಗೆ ಹಿಡಿದರೆ ರಕ್ತನಾಳ ಕಾಣದ ಮೊಟ್ಟೆಗಳನ್ನು ತೆಗೆಯಬಹುದು. ನನ್ನನ್ನು ಕೇಳಿದರೆ ಎರಡೂ ದಾರಿ ಬೆರೆಸಿ, ಹಿಂದಿದ್ದ ಸಂಖ್ಯೆಯ ಅರ್ಧದಿಂದ ಶುರುಮಾಡಿ ಎನ್ನುತ್ತೇನೆ. ಹೊಸ ಮೇವಿನ ವ್ಯವಸ್ಥೆ ಒಂದು ಮಳೆಗಾಲ ದಾಟಿದ ಮೇಲೆ ಸಂಖ್ಯೆ ಏರಿಸಬಹುದು.

ತಾಯಿಯಿಲ್ಲದ ಮರಿಗಳಿಗೆ ಮೊದಲ ವಾರ 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಥರ್ಮಾಮೀಟರಿಗಿಂತ ಮರಿಗಳ ನಡವಳಿಕೆ ಹೆಚ್ಚು ಹೇಳುತ್ತದೆ. ಬಲ್ಬಿನ ಕೆಳಗೆ ಒತ್ತಾಗಿ ಸೇರಿದರೆ ಚಳಿ, ಅಂಚಿಗೆ ಓಡಿ ಬಾಯಿ ತೆರೆದರೆ ಸೆಕೆ, ಹರಡಿಕೊಂಡು ಮಲಗಿದರೆ ಸರಿಯಾಗಿದೆ. ಬಂದ ತಕ್ಷಣ ಬೆಲ್ಲದ ನೀರು, ಆಮೇಲೆ ಮೇವು. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೆ ಕೊಕ್ಕರೆ ರೋಗದ ಲಾಸೋಟ ಲಸಿಕೆಯ ಹನಿ, ಎರಡನೆಯ ವಾರ ಗಂಬೋರೋ ರೋಗದ ಲಸಿಕೆ, ನಾಲ್ಕನೆಯ ವಾರ ಮತ್ತೆ ಲಾಸೋಟ, ಎಂಟು ವಾರದ ಹೊತ್ತಿಗೆ ಕೊಕ್ಕರೆ ರೋಗದ ಚುಚ್ಚುಮದ್ದು. ಲಸಿಕೆಯ ಸೀಸೆ ನೂರಾರು ಕೋಳಿಗಾಗುವಷ್ಟು ಬರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಮೇವು ಹಂಚಿಕೊಂಡ ಮನೆಗಳೇ ಸೇರಿ ಒಂದೇ ದಿನ ಹಾಕಿಸಿದರೆ ಎಲ್ಲರಿಗೂ ಅನುಕೂಲ. ಬದುಕುಳಿದ ಹಳೆಯ ಕೋಳಿಗಳಿಗೆ ಮಾತ್ರ ಅವು ಪೂರ್ತಿ ಚೇತರಿಸಿಕೊಂಡ ಮೇಲೆಯೇ ಹಾಕಿಸಿ. ಸೊರಗಿದ ಮೈಗೆ ಹಾಕಿದ ಲಸಿಕೆ ನಾಟುವುದಿಲ್ಲ.

ಹಳೆಯ ಕೋಳಿಗಳನ್ನೂ ಬೆಳೆಯುವ ಮರಿಗಳನ್ನೂ ಒಟ್ಟಿಗೆ ಬಿಟ್ಟಾಗ ಮೇವಿನದೇ ಇನ್ನೊಂದು ತೊಡಕು ಎದುರಾಗುತ್ತದೆ. ಮೊಟ್ಟೆಕೋಳಿಯ ಮೇವಿನಲ್ಲಿ ಚಿಪ್ಪಿಗೆ ಬೇಕಾದ ಸುಣ್ಣದಂಶ ಶೇ. 3.5ರಷ್ಟಿರುತ್ತದೆ, ಅದು ಬೆಳೆಯುವ ಮರಿಗಳ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಎರಡು ಬಗೆಯ ಮೂಟೆ ತಂದರೆ ಎರಡೂ ನಿಧಾನವಾಗಿ ಮುಗಿದು ಮತ್ತೆ ಹಳಸುವ ಭಯ. ಇದಕ್ಕೆ ಎಲ್ಲಕ್ಕೂ ಬೆಳೆಯುವ ಕೋಳಿಯ ಮೇವನ್ನೇ ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡುವುದೇ ಉಪಾಯ. ಮೊಟ್ಟೆಯಿಡುವ ಹೇಟೆ ತನಗೆ ಬೇಕಾದಷ್ಟು ಚಿಪ್ಪನ್ನು ತಾನೇ ಹೋಗಿ ಕುಕ್ಕುತ್ತದೆ, ಮರಿಗಳು ಹೆಚ್ಚಾಗಿ ಆ ಬಟ್ಟಲಿನ ಗೊಡವೆಗೆ ಹೋಗುವುದಿಲ್ಲ.